ಗೇರ್ ಎಣ್ಣೆಗೆ ಹೆಪ್ಪು

ಕಾರಿನ ಗೇರ್ ಎಣ್ಣೆಗೆ ನೆನಪಿರುತ್ತದೆಂದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಹೊಸ ಎಣ್ಣೆಗೆ ಆ ಗಾಡಿಯದೇ ಹಳೆಯ ಎಣ್ಣೆಯನ್ನು ಒಂದು ಚಮಚ ಹೆಪ್ಪು ಹಾಕುತ್ತಾರೆ. ಇಲ್ಲದಿದ್ದರೆ ಗಾಡಿ ನಡಿಗೆ ಮರೆಯುತ್ತದೆ.

ಸುಮಂಗಲಾಳ ಮನೆಯ ಹಳೆಯ ಆಟೋಮ್ಯಾಟಿಕ್ ಕಾರು ಎಣ್ಣೆ ಬದಲಿಸಿದಾಗಿನಿಂದ ಎರಡನೇ ಗೇರು ದಾಟುತ್ತಿರಲಿಲ್ಲ. ತಿರುವು ಕಂಡರೆ ತಾನೇ ನಿಧಾನವಾಗುತ್ತಿತ್ತು.

"ಮುದಿ ಆತು, ಮಾರಿಬಿಡೂಣು," ಎಂದು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ ಗಂಡ ಸ್ಟೀರಿಂಗ್ ಹಿಡಿದೇ ಪಕ್ಕದಲ್ಲಿದ್ದ ಅವಳಿಗೆ ಗೊಣಗಿದ.

ಗ್ಯಾರೇಜಿನ ದಸ್ತಗೀರ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ. ಸುಟ್ಟ ವಾಸನೆ ಇರಲಿಲ್ಲ. ನಾಲಿಗೆ ಕಚ್ಚಿಕೊಂಡ.

"ನಂದ ತಪ್ಪರಿ. ಡ್ರೈವಿಂಗ್ ಸ್ಕೂಲಿನ ಕಾರಿನ ಹೆಪ್ಪು ಬಿದ್ದೈತಿ. ಈಗ ಬದ್ಲಿ ಮಾಡ್ತೀನಿ."

ಗಂಡನ ಬೈಗುಳಕ್ಕೆ ಹೆದರಿ ಸುಮಂಗಲಾ ಕಾರು ಕಲಿಯುವುದನ್ನು ಎಂದೋ ಬಿಟ್ಟಿದ್ದಳು. ಈ ಗಾಡಿ ಬೈಯುವುದಿಲ್ಲ.

"ಬ್ಯಾಡ ದಸ್ತಗೀರ, ಹಂಗ ಇರ್ಲಿ," ಎಂದವಳೇ ಇಳಿದು ಬಂದು ಗಂಡನ ಕಡೆಯ ಬಾಗಿಲು ತೆರೆದಳು. "ಏನ್ರಿ, ಸ್ವಲ್ಪ ಆ ಕಡೆ ಸರೀರಿ."