ಸೇನಾನಿ ವಿಶಾಲಾಕ್ಷಿ

ಮೊಮ್ಮಗಳು ಧಾತ್ರಿ ಕಲಿಸಿಕೊಟ್ಟ ಗೇಮಿನಲ್ಲಿ ಪುಟ್ಟಸ್ವಾಮಯ್ಯನವರಿಗೆ ಹಿಡಿಸದಿದ್ದದ್ದು ಒಂದೇ. ಸೇನಾನಿಯಾದ ಹೆಂಗಸಿಗೆ ಆ ಹುಡುಗಿ ತನ್ನ ಅಜ್ಜಿಯ ಹೆಸರಿಟ್ಟಿದ್ದಳು. ಶತ್ರುಗಳು ಮುತ್ತಿಕೊಂಡಾಗ ಮೈಕಿನಲ್ಲಿ ಕೂಗಿದರೆ ಸೇನಾನಿ ಕುದುರೆಯೇರಿ ಬಂದು ಕಾಪಾಡಬೇಕು.

"ಬೇಗ ಕರಿ ತಾತ," ಎಂದಳು ಧಾತ್ರಿ.

"ಲೇ ಇವಳೇ," ಎಂದರು ತಾತ. ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

"ಯಾರನ್ನು ಕರೆದಿರೋ ತಿಳಿಯಲಿಲ್ಲ. ದಯವಿಟ್ಟು ಹೆಸರು ಹೇಳಿ," ಎಂದಿತು ಗೇಮು.

"ಪ್ರಕಾಶನ ಅಮ್ಮಾ."

"ಯಾರನ್ನು ಕರೆದಿರೋ ತಿಳಿಯಲಿಲ್ಲ. ದಯವಿಟ್ಟು ಹೆಸರು ಹೇಳಿ."

"ಏ, ಕೇಳಿಸ್ತೇನೇ?"

ತಾತನ ಸೈನಿಕ ಸತ್ತುಬಿದ್ದ. ಮತ್ತೆ ಆಡಿದರು, ಮತ್ತೆ ಸತ್ತ. ಧಾತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೆಸರು ಹೇಳಿದ್ರೆ ಬಾಯಲ್ಲಿರೋ ಮುತ್ತು ಉದುರಿಹೋಗುತ್ತಾ ತಾತ?"

ಪುಟ್ಟಸ್ವಾಮಯ್ಯ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದರು. ಒಳಗೆ ಒಗ್ಗರಣೆಯ ಸದ್ದು ಜೋರಾಗಿತ್ತು. ಧೈರ್ಯ ಮಾಡಿ ಮೈಕಿಗೆ ಬಾಯಿಟ್ಟರು.

"ವಿಶಾಲಾಕ್ಷಿ."

ಮದುವೆಯ ದಿನ ಹೆಂಗಸರೆಲ್ಲ ಸುತ್ತುವರಿದು, ಬಿಡದೆ ಪೀಡಿಸಿ ಅವರಿಂದ ಆ ಹೆಸರು ಹೇಳಿಸಿದ್ದರು. ಆಮೇಲೆ ಅದು ಅವರ ಬಾಯಿಂದ ಬಂದದ್ದು ಇವತ್ತೇ.

ಕುದುರೆ ಕೆನೆಯಿತು, ಕತ್ತಿ ಮಿಂಚಿತು, ಶತ್ರುಗಳು ದಿಕ್ಕಾಪಾಲಾಗಿ ಓಡಿದರು. ಧಾತ್ರಿ ಚಪ್ಪಾಳೆ ತಟ್ಟಿದಳು.

ಗೆದ್ದ ಹುಮ್ಮಸ್ಸಿನಲ್ಲಿ ತಾತ ಕಾಲು ಚಾಚಿ ಕುಳಿತು, ಎಂದಿನಂತೆ ಕೂಗಿದರು: "ಲೇ ಇವಳೇ, ಒಂದು ಲೋಟ ಕಾಫಿ ತಾರೇ."

ಒಗ್ಗರಣೆಯ ಸದ್ದು ಆಗಲೇ ನಿಂತುಹೋಗಿತ್ತು. ಅಡುಗೆಮನೆಯಿಂದ ನಿಧಾನವಾಗಿ ಉತ್ತರ ಬಂತು:

"ಯಾರನ್ನು ಕರೆದಿರೋ ತಿಳಿಯಲಿಲ್ಲ. ದಯವಿಟ್ಟು ಹೆಸರು ಹೇಳಿ."