ಸಣ್ಣ ಜೆಟ್

"ಉಡಿ ಒಡ್ಡ, ಯವ್ವಾ," ಎಂದ ದುರಗಪ್ಪ.

ಮೆಕ್ಯಾನಿಕ್ ದುರಗಪ್ಪನ ಎರಡೂ ಕೈ ಪೆಟ್ರೋಲಿನಲ್ಲಿ ನೆಂದಿದ್ದವು. ಅಕ್ಕುತಾಯಿ ಯಾಕೆ ಎಂದು ಕೇಳದೆ ಸೆರಗನ್ನು ಮುಂದೆ ಹಿಡಿದಳು. ಹಳೆಯ ಜಾವಾ ಗಾಡಿಯ ಕಾರ್ಬೊರೇಟರನ್ನು ಬಿಚ್ಚಿ, ಹಸಿರು ಜಿಗುಟನ್ನು ಒರೆಸಿ ಒರೆಸಿ, ಒಂದೊಂದೇ ಸಾಮಾನನ್ನು ಅವನು ಅವಳ ಸೆರಗಿಗೆ ಹಾಕತೊಡಗಿದ. ಒಂದು ಸೂಜಿ, ಒಂದು ಸ್ಪ್ರಿಂಗು, ಪೆಟ್ರೋಲು ಹಾಯುವ ತೂತಿನ ಹಿತ್ತಾಳೆಯ ಎರಡು ಜೆಟ್ಟು.

"ನೆಲಕ್ಕ ಇಟ್ಟರ ಮಗ್ಗಲ ಮನಿ ಕೋಳಿ ನುಂಗತಾವು. ನೋಡ, ಇವತ್ತ ನಿನಗ ಉಡಿ ತುಂಬಾವ್ರಾಗ ನಾನ ಮೊದಲನ್ಯಾವ!"

ನಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಗಾಡಿ ಅವಳ ಅಪ್ಪ ಮುರಗೆಪ್ಪನದು. ಎಷ್ಟೋ ವರ್ಷದಿಂದ ಕೊಟ್ಟಿಗೆಯ ಮೂಲೆಯಲ್ಲಿ ಕಬ್ಬಿನ ಒಣಗರಿಯ ರವದಿಯ ಕೆಳಗೆ ಮಲಗಿತ್ತು. ದಸರೆಯ ಖಂಡೇ ಪೂಜೆಯ ದಿನವಷ್ಟೇ ಅದಕ್ಕೆ ಕುಂಕುಮದ ಭಾಗ್ಯ. ಈಗ ರಾಯಬಾಗದ ಬೀಗರಿಗೆ ವರನಿಗೊಂದು ಗಾಡಿ ಬೇಕಾಗಿತ್ತು. "ಚಾಲೂ ಮಾಡಿ ತೋರಸ್ರಿ, ನಿಂತ ಕಾಲ ಮ್ಯಾಲ ಉಡಿ ತುಂಬಿಸಿ ಲಗ್ನ ಗಟ್ಟಿ ಮಾಡತೀವಿ," ಎಂದಿದ್ದರು. ಅವರು ಆಗಲೇ ಟ್ರ್ಯಾಕ್ಟರಿನಲ್ಲಿ ಅಂಕಲಿ ಊರಿಗೆ ಬಂದಿಳಿದು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು.

ಹುಡುಗನ ಹೆಸರು ಬಾಬಾಸಾಹೇಬ. ಅವಳು ಅವನನ್ನು ಒಂದೇ ಸಲ ನೋಡಿದ್ದಳು. ಚಹಾದಲ್ಲಿ ಬಿದ್ದ ಇರುವೆಯನ್ನು ಬೆರಳ ತುದಿಯಿಂದ ಎತ್ತಿ, ಊದಿ ಒಣಗಿಸಿ, ಕಂಬದ ಮೇಲೆ ಬಿಟ್ಟಿದ್ದ. ಅದೇ ಚಹಾ ಮುಗಿಯುವುದರೊಳಗೆ, ಮಾತಿನ ನಡುವೆ ಬಾಯಿ ಹಾಕಿದಳೆಂದು ಹೆತ್ತ ತಾಯಿಯನ್ನು ಎಲ್ಲರೆದುರು ಗದರಿಸಿ ಮೂಲೆಗೆ ಕೂರಿಸಿದ್ದ. ಇವೆರಡರಲ್ಲಿ ಅವನು ಯಾರು?

ಉಡಿಗೆ ಮೊದಲ ಅಕ್ಕಿ ಹಾಕಬೇಕಾದ ಸೋದರತ್ತೆ ಗೌರಾಬಾಯಿ ಮಾತು ಕೊಟ್ಟಿದ್ದಳು. "ಮಂದಿ ಮುಂದ ನಿನ್ನ ಕೇಳತೀನಿ. ನೀ ಹೂಂ ಅಂದ್ರ ಅಷ್ಟ ನಾ ಅಕ್ಕಿಗೆ ಕೈ ಹಚ್ಚಾಕಿ. ನನಗಂತೂ ಯಾರೂ ಕೇಳಲಿಲ್ಲ ಬೇ. ಏನ ಹೇಳತಿ, ವಿಚಾರ ಮಾಡಿ ಇಟಕೋ."

ಅಕ್ಕುತಾಯಿ ವಿಚಾರ ಮಾಡಿದ್ದಳು. ಅಂಗಳ ಕಸ ಹೊಡೆಯುವಾಗ ಹೂಂ ಎನಿಸಿದ್ದು ಎಮ್ಮೆ ಹಿಂಡುವಷ್ಟರಲ್ಲಿ ಊಹೂಂ ಆಗಿತ್ತು.

ದುರಗಪ್ಪ ತಾಮ್ರದ ತಂತಿಯ ಎಳೆಯೊಂದನ್ನು ಸಣ್ಣ ಜೆಟ್ಟಿನೊಳಗೆ ತೂರಿಸಿ, ಬಾಯಿಟ್ಟು ಊದಿ, ಬಿಸಿಲಿಗೆ ಹಿಡಿದು ಅವಳಿಗೂ ತೋರಿಸಿದ. ತೂತಿನಾಚೆ ರಾಗಿಕಾಳಿನಷ್ಟು ಬೆಳಕು.

"ದೊಡ್ಡ ಜೆಟ್ ಓಡಾಕ, ಈ ಸಣ್ಣದು ನಿಲ್ಲಾಕ. ಇದಿಲ್ಲಂದ್ರ ಗಾಡಿ ಸುಮ್ಮನ ಒಂದ ಕಡೆ ನಿಲ್ಲೂದಿಲ್ಲ, ತಂಗಿ. ರೇಸ್ ತಿರವೂದ ಬಿಟ್ಟಿ ಅಂದ್ರ ಬಂದ್."

ಅದನ್ನು ಮತ್ತೆ ಅವಳ ಸೆರಗಿಗೆ ಹಾಕಿದ. ಆಮೇಲೆ ಅವನು ಕೇಳಿದ್ದನ್ನೆಲ್ಲ ಅವಳು ಎತ್ತಿ ಎತ್ತಿ ಕೊಟ್ಟಳು. ಕೊನೆಗೆ ಅವನು ಕೈ ಚಾಚಿದಾಗ ಸೆರಗು ಖಾಲಿಯಾಗಿತ್ತು.

"ಇನ್ನೊಂದ ಇತ್ತಲ್ಲ?"

"ಕಾಣವಲ್ದರಿ, ಕಾಕಾ."

ಅವಳ ಎಡಗೈ ಮುಷ್ಟಿ ಕಟ್ಟಿತ್ತು. ಒಂದು ದಿನ ಸಿಕ್ಕರೆ ಸಾಕಿತ್ತು. ಇವನು ಚಿಕ್ಕೋಡಿಗೆ ಹೋಗಿ ಇನ್ನೊಂದು ಜೆಟ್ ತರುವಷ್ಟರಲ್ಲಿ ಉತ್ತರ ಎಲ್ಲಿಂದಾದರೂ ಬಂದೀತು.

ದುರಗಪ್ಪ ರವದಿ ಕೆದರಿದ, ಸಗಣಿ ಕೆದರಿದ, ಮಗ್ಗಲ ಮನೆಯ ಕೋಳಿಗಳ ವಂಶವನ್ನೆಲ್ಲ ಬೈದ. ಪಡಸಾಲೆಯಿಂದ ಮುರಗೆಪ್ಪ ಕೂಗಿದ, "ದುರಗಪ್ಪಾ, ಆತೇನೋ? ಬೀಗರ ಎರಡನೇ ತಾಟೂ ಖಾಲಿ ಆತು!"

"ಆತರಿ, ಆತು!" ಎಂದವನೇ ದುರಗಪ್ಪ ಬೆಂಕಿಕಡ್ಡಿಯೊಂದನ್ನು ಮುರಿದು, ಸಣ್ಣ ಜೆಟ್ಟಿನ ಜಾಗಕ್ಕೆ ಬಿಗಿಯಾಗಿ ಬಡಿದು ಮುಚ್ಚಿಬಿಟ್ಟ.

ಒದ್ದ, ಒದ್ದ, ಮತ್ತೆ ಒದ್ದ. ಗಾಡಿ ಕೆಮ್ಮಿತು, ಕೊಟ್ಟಿಗೆ ತುಂಬ ನೀಲಿ ಹೊಗೆ ಕಾರಿತು, ಆಮೇಲೆ ಒಮ್ಮೆಲೇ ಅಬ್ಬರಿಸಿತು. ಎಮ್ಮೆ ಹಗ್ಗ ಹರಿದುಕೊಂಡಿತು. ಬಾಬಾಸಾಹೇಬ ಕೈ ತೊಳೆಯದೆಯೇ ಓಡಿಬಂದು, ಗಾಡಿಯನ್ನು ಅಂಗಳಕ್ಕೆ ತಂದು, ಅದರ ಮೇಲೆ ಕೂತ.

"ರೇಸ್ ಬಿಡಬ್ಯಾಡ್ರಿ, ಸಾಹುಕಾರ್ರ!" ದುರಗಪ್ಪ ಅವನ ಕಿವಿಯಲ್ಲಿ ಕಿರುಚಿದ. "ಬಿಟ್ಟರ ಬಂದ್ ಬೀಳತೈತಿ!"

ವರನ ಅಪ್ಪನ ಮುಖ ಬಿಗಿಯಿತು. "ಶುಭ ಕೆಲಸದಾಗ ಬಂದ್ ಬೀಳಬಾರದು! ಉಡಿ ತುಂಬೂತನಕ ತಿರವಕೋತ ಇರಲೇ, ಬಾಬ್ಯಾ! ಹೂಂ, ಲಗೂನ ಕುಂದರಸ್ರಿ ಹುಡುಗೀನ!"

ಯಾರೋ ಮಣೆ ಹಾಕಿದರು, ಯಾರೋ ಅಕ್ಕುತಾಯಿಯ ಹೆಗಲು ಒತ್ತಿ ಕೂರಿಸಿದರು. ಉಡಿ ಒಡ್ಡಲು ಮುಷ್ಟಿ ಬಿಚ್ಚಲೇಬೇಕಾಯಿತು. ಜೆಟ್ ಸೆರಗಿನ ಮಡಿಕೆಯೊಳಗೆ ಜಾರಿತು. ಗೌರಾಬಾಯಿ ಅಕ್ಕಿಯ ಬುಟ್ಟಿ ಹಿಡಿದು ಎದುರಿಗೆ ಕೂತಳು. ಕೊಟ್ಟ ಮಾತು ಮರೆಯುವವಳಲ್ಲ ಅವಳು. ಬಾಗಿ ಕೇಳಿದಳು. ಅತ್ತೆಯ ತುಟಿ ಅಲುಗಿದ್ದು ಅಕ್ಕುತಾಯಿಗೆ ಕಾಣಿಸಿತು, ಗಾಡಿಯ ಅಬ್ಬರದಲ್ಲಿ ಕೇಳಿಸಲಿಲ್ಲ. ಏನು ಕೇಳಿದಳೆಂಬುದು ಮಾತ್ರ ಗೊತ್ತಿತ್ತು.

ಆಚೆ ಬಾಬಾಸಾಹೇಬ ಎರಡೂ ಕೈಯಿಂದ ಗಾಡಿಯನ್ನು ಹಿಡಿದು, ಕೂಸು ಬಿದ್ದೀತೆಂಬಂತೆ ಅವಡುಗಚ್ಚಿ, ಅವಳನ್ನೇ ನೋಡುತ್ತ ಇನ್ನಷ್ಟು ತಿರುವಿದ. ಅಕ್ಕುತಾಯಿ ಬಾಯಿ ತೆರೆದಳು. ಅಷ್ಟು ಮಂದಿಯ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು. ನಾಲಿಗೆ ಹೊರಳಿದ್ದು ತಿಳಿಯಿತು, ಉಸಿರು ಹೊರಬಿದ್ದದ್ದು ತಿಳಿಯಿತು.

ಅತ್ತೆ ಕಿವಿ ಮುಂದೆ ಮಾಡಿ ಅವಳ ಮುಖವನ್ನೇ ನೋಡಿದಳು. ಹಿಂದಿನಿಂದ ಯಾರೋ ಅವಸರಪಡಿಸಿದರು. ಜೆಟ್ಟಿನ ಮೇಲೆ ಅಕ್ಕಿ ಬಿತ್ತು, ಅಕ್ಕಿಯ ಮೇಲೆ ತೆಂಗಿನಕಾಯಿ, ಅರಿಶಿಣದ ಕೊಂಬು, ಬೆಲ್ಲ, ಕುಬಸದ ಖಣ.

ಬಾಬಾಸಾಹೇಬ ಕೈ ಬಿಟ್ಟ. ಗಾಡಿ ನಿಂತಿತು. ಅಂಗಳದಲ್ಲಿ ಹೊಗೆಯಷ್ಟೇ ಉಳಿಯಿತು.

ಕುಂಕುಮ ಹಚ್ಚುವ ನೆವದಲ್ಲಿ ಗೌರಾಬಾಯಿ ಅವಳ ಕಿವಿಯ ಹತ್ತಿರ ಬಾಗಿದಳು. "ಆಗ ಏನಂದಿ ಬೇ, ಅಕ್ಕು?"

ಅಕ್ಕುತಾಯಿ ಉಡಿಯ ಭಾರವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ನನಗೂ ಕೇಳಲಿಲ್ರಿ, ಅತ್ತಿ."