ಕುರ್ಚಿಯ ಜಾಮೀನು

ಯುವಕ ಸೈಕಲ್ ಹತ್ತಿ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಬೆಟ್ಟದ ರಸ್ತೆಯ ಮೊದಲ ತಿರುವಿನವರೆಗೆ ಹೋಗಿ ಬರಲು ಹತ್ತು ನಿಮಿಷ ಧಾರಾಳ. ಮ್ಯಾನೇಜರ್ ಗಡಿಯಾರ ನೋಡಿದ, ಆಮೇಲೆ ಕುರ್ಚಿ ನೋಡಿದ. ಅಜ್ಜಿ ಕೂತಿದ್ದರು. ಅವನಿಗೆ ಹೋದ ಜೀವ ಬಂದಂತಾಯಿತು.

ಅಂಗಡಿಯಲ್ಲಿ ಅವನನ್ನು ಬಿಟ್ಟರೆ ಬೇರೆ ಕೆಲಸದವರೇ ಇರಲಿಲ್ಲ. ಆದರೂ ಹೆಸರಿಗೆ ಮ್ಯಾನೇಜರ್. ಅಂಗಡಿ ಅವನ ಅಕ್ಕನ ಗಂಡನದು. ಆರು ತಿಂಗಳಲ್ಲಿ ಎರಡು ಸೈಕಲ್‌ಗಳು, ಒಂದು ಸುತ್ತು ಓಡಿಸಿ ನೋಡುತ್ತೇವೆ ಎಂದವರ ಜೊತೆ ಹೋಗಿ, ಇನ್ನೂ ಆ ಸುತ್ತು ಮುಗಿಸಿರಲಿಲ್ಲ. ಮೊದಲನೆಯವನು ಬಿಟ್ಟುಹೋದ ಫೋನಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಎರಡನೆಯವನು ಬಿಟ್ಟುಹೋದ ಲೈಸೆನ್ಸಿನ ನಿಜವಾದ ಒಡೆಯ ಒಂದು ವಾರದ ನಂತರ ಬಂದು, ಕಳೆದದ್ದು ಸಿಕ್ಕಿತಲ್ಲ ಎಂದು ಕೈಮುಗಿದು, ತೆಗೆದುಕೊಂಡು ಹೋದ.

ಭಾವ ಕೂಗಾಡುವವರಲ್ಲ. "ಮೂರನೇದು ಹೋದ ದಿನ ಅದರ ಹಿಂದೇನೇ ನೀನೂ ಹೋಗು," ಎಂದಷ್ಟೇ ಹೇಳಿದ್ದರು. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ.

ಹಾಗಾಗಿ ಅವನು ತಲೆ ಓಡಿಸಿ ಒಂದು ನಿಯಮ ಮಾಡಿದ. ಓಡಿಸಿ ನೋಡುವವರು ಮನೆಯವರಲ್ಲಿ ಒಬ್ಬರನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಹೋಗಬೇಕು. ಫೋನು ಬಿಟ್ಟು ಹೋಗಬಹುದು, ಲೈಸೆನ್ಸು ಬಿಟ್ಟು ಹೋಗಬಹುದು. ಹೆತ್ತವರನ್ನು ಸೈಕಲ್ ಅಂಗಡಿಯಲ್ಲಿ ಬಿಟ್ಟು ಹೋಗುವಷ್ಟು ಕಾಲ ಕೆಟ್ಟಿಲ್ಲ ಎಂಬುದು ಅವನ ಲೆಕ್ಕಾಚಾರ. ಕಳೆದ ಎರಡು ತಿಂಗಳಲ್ಲಿ ಆ ಕುರ್ಚಿಯಲ್ಲಿ ಇಬ್ಬರು ಅಪ್ಪಂದಿರು, ಒಬ್ಬ ಅತ್ತಿಗೆ, ನಿದ್ದೆ ಹೋದ ಒಬ್ಬ ಸೋದರಮಾವ ಕೂತು ಎದ್ದಿದ್ದರು. ಒಂದು ಸೈಕಲ್ಲೂ ಹೋಗಿರಲಿಲ್ಲ.

ಈ ದಿನ ಯುವಕ ಬಾಗಿಲು ತೆರೆದು ಹಿಡಿದುಕೊಂಡ. ಅಜ್ಜಿ ಮೊದಲು ಒಳಗೆ ಬಂದರು. ಅವನು ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವವನು. ಬೆಳಗಿನ ಬಸ್ಸು ನಿಂತುಹೋಗಿದೆ, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಬೆಟ್ಟ ಹತ್ತುವ ಸೈಕಲ್ ಬೇಕು ಎಂದ. ಹೇಳುತ್ತಲೇ ಕಣ್ಣು ಕುಕ್ಕುವ ಕೆಂಪು ಬಣ್ಣದ್ದೊಂದರ ಮೇಲೆ ಕೈಯಿಟ್ಟ.

"ಮೊದಲ್ನೇ ಸೈಕಲ್ಲಾ ನಿಂಗೆ?" ಎಂದರು ಅಜ್ಜಿ.

ಯುವಕ ಹೌದೆಂದ. ಈಗಿನವರು ಮನೆಯಲ್ಲಿ ಏನನ್ನು ತಾನೇ ಹೇಳುತ್ತಾರೆ ಎಂದುಕೊಂಡ ಮ್ಯಾನೇಜರ್.

"ಹಾಗಾದ್ರೆ ಅದು ಬೇಡ. ಹಿಂದೆ ಮುಂದೆ ಎರಡು ಕಡೆ ಸ್ಪ್ರಿಂಗು, ಈ ಬೆಲೆಗೆ ಅಂದ್ರೆ ಬರೀ ಭಾರ. ಮುಂದೆ ಒಂದು ಸಾಕು. ಬ್ರೇಕ್ ನೋಡು, ನಿನ್ನ ಎತ್ತರಕ್ಕೆ ಫ್ರೇಮ್ ಸರಿ ಇದ್ಯಾ ನೋಡು. ಬಣ್ಣ ಬೆಟ್ಟ ಹತ್ತಲ್ಲ."

ಮ್ಯಾನೇಜರ್ ಬೆರಗಾದ. ಹತ್ತು ವರ್ಷದಿಂದ ಅವನು ಗಿರಾಕಿಗಳಿಗೆ ಹೇಳಬೇಕೆಂದುಕೊಂಡು ಹೇಳದೆ ಬಿಟ್ಟ ಮಾತು ಅದು. ಅಜ್ಜಿ ಸಾಲಿನ ಕೊನೆಯಲ್ಲಿದ್ದ ಒಂದು ಬೂದು ಬಣ್ಣದ ಸೈಕಲ್ ತೋರಿಸಿದರು. ಮ್ಯಾನೇಜರ್ ನಿಯಮ ಹೇಳಿದ. ಯುವಕ ತಲೆ ಕೆರೆದುಕೊಳ್ಳುವಷ್ಟರಲ್ಲಿ ಅಜ್ಜಿ ಕುರ್ಚಿ ಎಳೆದು ಕೂತರು. "ನಾನಿರ್ತೀನಿ. ನೀನು ಹೋಗಿ ಬಾ." ಯುವಕ ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಹೊರಟ. ಸ್ವಂತ ಅಜ್ಜಿಗೂ ಥ್ಯಾಂಕ್ಸ್ ಹೇಳುವ ಸಂಸ್ಕಾರವಂತ ಎಂದು ಮ್ಯಾನೇಜರ್‌ಗೆ ಸಂತೋಷವಾಯಿತು.

ಐದು ನಿಮಿಷಕ್ಕೆ ಅಜ್ಜಿಗೆ ಬೇಸರ ಬಂತು. ಸುಮ್ಮನೆ ಕೂತು ಏನು ಮಾಡಲಿ, ಆ ಕಪ್ಪು ಸೈಕಲ್ಲನ್ನಾದರೂ ತೋರಿಸು ಎಂದರು. ಅದು ಅಂಗಡಿಯ ಮುಕುಟಮಣಿ. ಅವನ ಹತ್ತು ತಿಂಗಳ ಸಂಬಳದ ಬೆಲೆ. ಜಾಮೀನಿಗೆ ಕೂತವರನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಅವನು ಕೆಳಗಿಳಿಸಿದ. ಸೀಟು ಎತ್ತರವಾಯಿತು ಎಂದರು, ತಗ್ಗಿಸಿದ. ಕಲ್ಲು ದಾರಿಗೆ ಟೈರು ಇಷ್ಟು ಗಟ್ಟಿ ಇರಬಾರದು ಎಂದರು, ಸ್ವಲ್ಪ ಗಾಳಿ ಬಿಟ್ಟ. ತಿಳಿದವರ ಜೊತೆ ಮಾತಾಡುವುದೇ ಒಂದು ಸುಖ.

ಹದಿನೈದು ನಿಮಿಷಕ್ಕೆ ಸುಖ ಕರಗಿತು. ಈಗ ಇಪ್ಪತ್ತೈದು. ಅವನು ಬಾಗಿಲವರೆಗೆ ಹೋಗಿ ಇಣುಕಿ ಬಂದ.

"ನಿಮ್ಮ ಮೊಮ್ಮಗನಿಗೆ ಫೋನ್ ಮಾಡಿ ನೋಡ್ತೀರಾ ಅಜ್ಜಿ?"

"ಮೊಮ್ಮಕ್ಕಳ ಸುದ್ದಿ ಎತ್ತಬೇಡಪ್ಪ. ಒಬ್ರೂ ನನ್ನ ಫೋನ್ ಎತ್ತಲ್ಲ."

"ಬರ್ತಾರೆ ಅಲ್ವಾ?"

"ಬರ್ತಾನೆ. ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಜ್ಜಿ ಬಗ್ಗಿ ಬೂಟಿನ ಲೇಸು ಬಿಗಿ ಮಾಡಿಕೊಂಡರು. "ಇಲ್ಲಿಂದ ಏನೂ ಕಾಣಲ್ಲ. ಮೂಲೆಗೆ ಹೋಗಿ ನಿಂತ್ಕೊಂಡು ನೋಡು."

ಅವನು ಅನುಮಾನದಿಂದ ತಿರುಗಿ ನೋಡಿದ.

"ನಾನೆಲ್ಲಿಗೆ ಹೋಗ್ಲಿ, ಈ ವಯಸ್ಸಲ್ಲಿ?"

ಅವನು ರಸ್ತೆಯ ಮೂಲೆಯಲ್ಲಿ ನಿಂತು ಕತ್ತು ಚಾಚಿದ. ಒಂದೊಂದು ನಿಮಿಷವೂ ಒಂದೊಂದು ಯುಗ. ಹೆಂಡತಿಗೆ ಏನು ಹೇಳುವುದು ಎಂಬ ಮಾತನ್ನು ಎರಡು ರೀತಿಯಲ್ಲಿ ಜೋಡಿಸಿ ನೋಡಿದ, ಎರಡೂ ಚೆನ್ನಾಗಿರಲಿಲ್ಲ. ಅಷ್ಟರಲ್ಲಿ ಬೂದು ಸೈಕಲ್ ಇಳಿದು ಬಂತು. ಯುವಕನ ಬೆರಳಿಗೆಲ್ಲ ಗ್ರೀಸು. ದಾರಿಯಲ್ಲಿ ಚೈನು ಕಳಚಿತಂತೆ, ತಾನೇ ಹಾಕಿಕೊಂಡನಂತೆ, ಸೈಕಲ್ ಬಹಳ ಹಿಡಿಸಿತಂತೆ. ಅಲ್ಲೇ ನಿಂತು ಪೂರ್ತಿ ಹಣ ಕೊಟ್ಟ.

ಮ್ಯಾನೇಜರ್‌ಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಇಂಥವನ ಮೇಲೆ ಸಂಶಯಪಟ್ಟೆನಲ್ಲ ಎಂದು ನಾಚಿಕೆಯಾಗಿ, ಒಂದು ನೀರಿನ ಬಾಟಲಿ ಉಚಿತ ಎಂದ. ಇಬ್ಬರೂ ಮಾತಾಡುತ್ತ ಅಂಗಡಿಯ ಮೆಟ್ಟಿಲು ಹತ್ತಿದರು.

"ಅಜ್ಜೀನ ನಿಧಾನಕ್ಕೆ ಕರ್ಕೊಂಡು ಹೋಗಿ. ಇಷ್ಟು ತಿಳಿದವರು ಮನೇಲಿರೋದು ನಿಮ್ಮ ಪುಣ್ಯ."

ಯುವಕ ನಿಂತುಬಿಟ್ಟ. "ನಮ್ಮನೇಲಾ? ಅವರು ನಿಮ್ಮ ತಾಯಿ ಅಲ್ವಾ? ನನ್ನ ಪರವಾಗಿ ಅವರೇ ಕೂತಾಗ, ಎಷ್ಟು ದೊಡ್ಡ ಮನಸ್ಸು ಅಂದ್ಕೊಂಡೆ."

ಕುರ್ಚಿ ಖಾಲಿಯಿತ್ತು. ಹಿಂದಿನ ಬಾಗಿಲು ಹಾರುಹೊಡೆದಿತ್ತು. ಅದರಾಚೆಯ ಕಲ್ಲು ದಾರಿ ಬೆಟ್ಟದ ರಸ್ತೆಗೆ ಸೇರುವ ಎರಡನೇ ತಿರುವಿನಲ್ಲಿ, ಬಿಳಿ ತುರುಬಿನವರೊಬ್ಬರು ಕಪ್ಪು ಸೈಕಲ್ಲಿನ ಸೀಟಿನಿಂದ ಏಳದೆ, ಸರಿಯಾದ ಗೇರಿನಲ್ಲಿ, ಆತುರವಿಲ್ಲದೆ ಮೇಲಕ್ಕೆ ಹತ್ತುತ್ತಿದ್ದರು.